ಅಜ್ಜನ ಮನೆಯ ಕೊನೆಯ ಬೇಸಿಗೆ

ಸಾಗರದಿಂದ ಸಿಗಂದೂರಿಗೆ ಹೊರಟವರಿಗೆ ಅಂಬಾರಗೊಡ್ಲಿನಲ್ಲಿ ದಾರಿ ಮುಗಿದು ಶರಾವತಿಯ ಹಿನ್ನೀರು ಎದುರಾಗುತ್ತಿದ್ದ ಕಾಲವೊಂದಿತ್ತು. ಬಸ್ಸು ಕಾರುಗಳೆಲ್ಲ ಸಾಲುಗಟ್ಟಿ ನಿಂತು ಲಾಂಚಿನ ದಾರಿ ಕಾಯಬೇಕು. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿದೆ. ಎರಡು ಕಿಲೋಮೀಟರಿಗೂ ಮೀರಿದ ಆ ಸೇತುವೆಯನ್ನು ಕಾರು ನಾಲ್ಕು ಮಾತು ಮುಗಿಯುವುದರೊಳಗೆ ದಾಟಿಬಿಡುತ್ತದೆ. ಈಚೆಗೆ ಹೀಗೆ ದಾಟುವಾಗ ನನ್ನ ಮೊಮ್ಮಗಳು, “ತಾತ, ನಿಮ್ಮ ಅಜ್ಜನ ಮನೆ ಎಲ್ಲಿ?” ಎಂದು ಕೇಳಿದಳು. ನಾನು ಕಿಟಕಿಯ ಹೊರಗೆ ಕೈ ತೋರಿಸಿದೆ. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ನಾವಿದ್ದದ್ದು ಬೆಂಗಳೂರಿನಲ್ಲಿ. ಪರೀಕ್ಷೆ ಮುಗಿಯಿತೆಂದರೆ ಅಮ್ಮನೊಡನೆ ರೈಲು ಹತ್ತಿ, ಅರಸೀಕೆರೆ, ಬೀರೂರು, ಶಿವಮೊಗ್ಗ ಎಂದು ನಿಲ್ದಾಣಗಳನ್ನು ಎಣಿಸುವುದೇ ನನ್ನ ಕೆಲಸ. ಅಲ್ಲಿಂದ ಮುಂದೆ ತಾಳಗುಪ್ಪದ ಕಡೆಗೆ ಹೋಗುವ ಮೀಟರ್ ಗೇಜಿನ ಪುಟ್ಟ ಗಾಡಿ ಕಾಡಿನ ನಡುವೆ ಏದುಸಿರು ಬಿಡುತ್ತ ಸಾಗುತ್ತಿತ್ತು. ಸಾಗರದಲ್ಲಿ ಇಳಿದರೆ ಅಜ್ಜ ಕಳುಹಿಸಿದ ಕಮಾನು ಗಾಡಿ ಸಿದ್ಧ. ಒಳಗೆ ಹುಲ್ಲಿನ ಮೇಲೆ ಹಾಸಿದ ಜಮಖಾನ, ಬಾಳೆಹಣ್ಣಿನ ಬುಟ್ಟಿ, ದಾರಿಯಲ್ಲಿ ಹಸಿವಾದೀತೆಂದು ಅಜ್ಜಿ ಕೊಟ್ಟ ತೊಡದೇವಿನ ಡಬ್ಬಿ. ಅವರ ಅಕ್ಕರೆ ನಾವು ಮನೆ ಮುಟ್ಟುವ ಮೊದಲೇ ಎದುರುಗೊಳ್ಳುತ್ತಿತ್ತು.

ತೊಡದೇವನ್ನು ಕಾಣದ ವಾಚಕರಿಗೆ ಅದನ್ನು ಬಣ್ಣಿಸುವುದು ಸುಲಭವಲ್ಲ. ಅಕ್ಕಿಯ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಉರಿಯ ಮೇಲೆ ಬೋರಲು ಹಾಕಿದ ಗಡಿಗೆಗೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಸವರಬೇಕು. ಕಾಗದದಷ್ಟು ತೆಳುವಾದ ಹಾಳೆ ಒಡೆಯದೆ ಎದ್ದು ಬಂದರೆ ಗೆದ್ದಂತೆ. ಒಡೆದದ್ದೆಲ್ಲ ಒಲೆಯ ಬಳಿ ಕುಳಿತ ನನ್ನ ಪಾಲು. ಅಜ್ಜಿ ನುರಿತ ಕೈಯವಳು. ಆದರೂ ನಾನು ಬಂದಾಗ ಮಾತ್ರ ಮೂರಕ್ಕೊಂದು ಒಡೆಯುತ್ತಿತ್ತು. “ಅಯ್ಯೋ, ಇದೂ ಹೋಯಿತಲ್ಲ!” ಎಂದು ಅವಳು ಪೇಚಾಡುತ್ತಿದ್ದುದನ್ನು ನಾನು ಬಹುಕಾಲ ನಿಜವೆಂದೇ ನಂಬಿದ್ದೆ.

ಅಜ್ಜನಾದರೋ ನನಗೆ ಎತ್ತು, ಕುದುರೆ, ರೈಲು ಎಲ್ಲವೂ ಆಗಿದ್ದ. ಉದುರಿದ ಅಡಿಕೆ ಹಾಳೆಯ ಮೇಲೆ ನನ್ನನ್ನು ಕೂರಿಸಿ ತೋಟದ ಉದ್ದಕ್ಕೂ ಎಳೆಯುತ್ತಿದ್ದ. ಬೇಡವೆಂಬ ಮಾತು ಅವನ ಬಾಯಿಂದ ಬರುತ್ತಿದ್ದುದು ಒಂದೇ ವಿಷಯಕ್ಕೆ: ಸಿಂಗಾರವನ್ನು ಮುಟ್ಟಕೂಡದು. ಅಡಿಕೆಯ ಹೂಗೊಂಚಲು ಅದು. ಒಂದು ಸಿಂಗಾರ ಹೋದರೆ ಒಂದು ಗೊನೆ ಹೋಯಿತು. ಒಮ್ಮೆ ನಾನು ದೋಟಿಯಿಂದ ತಿವಿದು ಒಂದನ್ನು ಕೆಡವಿದೆ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಸಂಜೆಯವರೆಗೆ ನನ್ನೊಡನೆ ಮಾತನಾಡಲಿಲ್ಲ, ಅಷ್ಟೆ. ಅಷ್ಟು ದೀರ್ಘವಾದ ದಿನವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲದ ಆ ಕೊನೆಯ ಬೇಸಿಗೆಯಲ್ಲಿ ನನಗೆ ಒಂಬತ್ತು ವರ್ಷ. ಮನೆಯ ಗೋಡೆಯ ಮೇಲೆ ಯಾರೋ ದೊಡ್ಡದಾಗಿ ಅಂಕಿ ಬರೆದಿದ್ದರು. ಬೆಂಗಳೂರಿನ ನಮ್ಮ ಮನೆಯಂತೆ ಅಜ್ಜನ ಮನೆಗೂ ನಂಬರು ಬಂತಲ್ಲ ಎಂದು ನಾನು ಹಿಗ್ಗಿದೆ. ಹಿಗ್ಗಲು ಕಾರಣ ಇನ್ನೂ ಇದ್ದುವು. ಮಳೆಗಾಲಕ್ಕೆಂದು ಅಟ್ಟದ ಮೇಲಿಟ್ಟ ಅಪ್ಪೆಮಿಡಿಯ ಜಾಡಿಯನ್ನು ಅಜ್ಜಿ ನಾನು ಕೇಳುವ ಮೊದಲೇ ಇಳಿಸಿದಳು. ಕರುವನ್ನು ಜಗುಲಿಗೆ ಹತ್ತಿಸಿದರೂ ಕೇಳುವವರಿಲ್ಲ. ಎಲ್ಲದಕ್ಕೂ ಹೂಂ ಎನ್ನುವ ಮನೆ! ಒಂದು ಬೆಳಿಗ್ಗೆ ಅಜ್ಜ ದೋಟಿ ಹಿಡಿದು ತೋಟಕ್ಕೆ ಹೋದವನು, ಆಗತಾನೆ ಬಿರಿದ ಸಿಂಗಾರವೊಂದನ್ನು ತಾನೇ ಇಳಿಸಿ ತಂದು ನನ್ನ ಕೈಗಿತ್ತ. ಅಮ್ಮ ಓಡಿಬಂದು, “ಅಪ್ಪಯ್ಯ, ಇದೇನು ಮಾಡಿದಿರಿ!” ಎಂದಳು.

“ಆಡಲಿ ಬಿಡೇ ಕೂಸೇ. ಕೊನೆ ಕೊಯ್ಯುವ ಕಾಲಕ್ಕೆ ನಾವೆಲ್ಲೋ!”

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನನ್ನನ್ನು ಬೈಯಲಾಗದ ಸಿಟ್ಟು ಇರಬೇಕೆಂದುಕೊಂಡು, ನಾನು ಆ ಬಿಳಿಯ ಮುತ್ತುಗಳನ್ನೆಲ್ಲ ಬಿಡಿಸಿ ಹಿತ್ತಲಿನ ಹಳ್ಳದಲ್ಲಿ ತೇಲಿಬಿಟ್ಟೆ.

1964ರಲ್ಲಿ ಅಣೆಕಟ್ಟು ಪೂರ್ಣವಾಯಿತು. ನಮ್ಮ ಕಡೆಯವರು ಇಂದಿಗೂ ಆ ಕಾಲವನ್ನು ‘ಮುಳುಗಡೆ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಅಜ್ಜ ಅಜ್ಜಿ ಲಾರಿಯಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗದ ಕಡೆಯ ಬಯಲಿಗೆ ಹೋದರು. ಮರುವರ್ಷದ ರಜೆಗೆ ಅಲ್ಲಿಗೆ ಹೋದೆ. ಅಡಿಕೆಯ ಮರ ಒಂದೂ ಇಲ್ಲ. ಜಗುಲಿಯ ಮೂಲೆಯಲ್ಲಿ ಮಾತ್ರ ದೋಟಿ ಒರಗಿತ್ತು. ಹಾಳೆ ಬೇಕೆಂದು ನಾನು ಹಟ ಹಿಡಿದೆ. ಎಂಥ ಹಟ! ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಣಿಚೀಲವೊಂದನ್ನು ತಂದು ಹಾಸಿ, ನನ್ನನ್ನು ಕೂರಿಸಿಕೊಂಡು ಒಣಗಿದ ಗದ್ದೆಯ ಹೆಂಟೆಗಳ ಮೇಲೆ ಎಳೆದ. ಹತ್ತು ಮಾರು ಎಳೆಯುವಷ್ಟರಲ್ಲಿ ಅವನಿಗೆ ದಮ್ಮು ಹತ್ತಿತು. ಆಮೇಲೆ ಅವನು ಕಂಡದ್ದು ಎರಡೇ ಮಳೆಗಾಲ.

ಶರಾವತಿಯ ವಿದ್ಯುತ್ತು ಬೆಂಗಳೂರಿಗೂ ಬಂತು. ಆ ದೀಪದ ಕೆಳಗೆ ಕುಳಿತು ಓದಿ ನೌಕರಿ ಹಿಡಿದವನು ನಾನು. ಅದನ್ನು ಹಳಿಯಲು ನನಗೆ ಬಾಯಿಲ್ಲ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಅದು ಕಲ್ಲುಗಾರೆಯದು. ನಮ್ಮ ಮನೆ ಮಣ್ಣಿನದು.

ಸಿಗಂದೂರಿನಲ್ಲಿ ದೇವಿಗೆ ಅರ್ಪಿಸಲೆಂದು ಒಂದು ಸಿಂಗಾರ ಕೊಂಡೆವು. ಮೊಮ್ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹೂ ಕಿತ್ತು ಎಣಿಸತೊಡಗಿದಳು. ನನ್ನ ಮಗಳು, “ದೇವರಿಗೆ ತಂದದ್ದು, ಮುಟ್ಟಬೇಡ” ಎಂದು ಗದರಿದಳು. ಹುಡುಗಿ ನನ್ನ ಮುಖ ನೋಡಿದಳು. ದೇವರಿಗೆ ಇನ್ನೊಂದು ಕೊಂಡರಾಯಿತು ಎಂದು ನಾನು ಇಳಿದು ಅಂಗಡಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅಳಿಯನ ಹೊಸ ಕಾರಿನ ಸೀಟಿನ ತುಂಬ ಬಿಳಿಯ ಹೂ ಚೆಲ್ಲಿತ್ತು.