ತೇಲುವ ಜಗಲಿ

ಪ್ರವಾಸ ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಓಟ. ಬೆಳಗಿನ ಜಾವ ಎದ್ದು ಸ್ನಾನ, ಏಳಕ್ಕೊಂದು ದೇವಸ್ಥಾನ, ಹತ್ತಕ್ಕೊಂದು ಜಲಪಾತ, ದಾರಿಯಲ್ಲಿ ಸಿಕ್ಕಿದ ಹೋಟೆಲಿನಲ್ಲಿ ಊಟ, ಕತ್ತಲಾಗುವುದರೊಳಗೆ ಸೂರ್ಯಾಸ್ತದ ಗುಡ್ಡ. ಮಂಡಿನೋವಿನ ಹಿರಿಯರು ಮೆಟ್ಟಿಲ ಬುಡದಲ್ಲೇ ಉಳಿದು ಚಪ್ಪಲಿ ಕಾಯುತ್ತಾರೆ. ಮಕ್ಕಳು ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗುತ್ತಾರೆ. ಹೊಸದಾಗಿ ಮದುವೆಯಾದವರಿಗೆ ನೆಮ್ಮದಿಯಾಗಿ ಎರಡು ಮಾತಾಡಲು ಪುರುಸೊತ್ತಿಲ್ಲ. ಈ ಮೂರೂ ತಲೆಮಾರಿಗೆ ಒಟ್ಟಿಗೆ ಒಗ್ಗುವ ಪ್ರವಾಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳುತ್ತೇನೆ: ಕೇರಳದ ಆಲಪ್ಪುಳಕ್ಕೆ ಹೋಗಿ, ಹೌಸ್‌ಬೋಟ್ ಹತ್ತಿ.

ನಮ್ಮವರ ಬಾಯಲ್ಲಿ ಅದು ಇನ್ನೂ ಅಲೆಪ್ಪಿಯೇ. ಬೆಂಗಳೂರಿನಲ್ಲಿ ರಾತ್ರಿ ಹೊರಟರೆ ಬೆಳಗ್ಗೆ ಎರ್ನಾಕುಲಂ, ಅಲ್ಲಿಂದ ದಕ್ಷಿಣಕ್ಕೆ 50 ಚಿಲ್ಲರೆ ಕಿಲೋಮೀಟರ್. ಪುನ್ನಮಡ ಕೆರೆಯ ದಡದಲ್ಲಿ ಸಾಲಾಗಿ ನಿಂತ ದೋಣಿಗಳ ಮುಂದೆ ಚಪ್ಪಲಿ ಬಿಟ್ಟು, ಹಲಗೆಯ ಮೇಲೆ ಕೈ ಹಿಡಿಸಿಕೊಂಡು ದಾಟಿದರೆ ಆಯಿತು; ಮರುದಿನ ಬೆಳಗಿನ ತನಕ ಯಾರೂ ಎಲ್ಲಿಗೂ ನಡೆಯಬೇಕಿಲ್ಲ. 1952ರಲ್ಲಿ ಈ ಸೀಮೆಗೆ ಬಂದ ನೆಹರೂ ಹಾವುದೋಣಿಗಳ ಪಂದ್ಯ ನೋಡಿ ಉತ್ಸಾಹ ತಡೆಯಲಾರದೆ ಗೆದ್ದ ದೋಣಿಗೇ ಹತ್ತಿಬಿಟ್ಟರಂತೆ. ದೆಹಲಿಗೆ ಮರಳಿ ಅವರು ಕಳಿಸಿದ ಬೆಳ್ಳಿಯ ದೋಣಿಯೇ ಇಂದಿನ ನೆಹರೂ ಟ್ರೋಫಿ. ನೂರಾರು ಹುಟ್ಟುಗಳು ಒಮ್ಮೆಗೇ ನೀರು ಬಗೆಯುವ ಆ ಪಂದ್ಯ ನಡೆಯುವುದು ಇದೇ ಪುನ್ನಮಡದಲ್ಲಿ.

ಆದರೆ ನಾವು ಹತ್ತುವ ದೋಣಿಗೆ ಅವಸರವೇ ಇಲ್ಲ. ಮುಂಭಾಗದಲ್ಲಿ ಮೂರು ಕಡೆ ತೆರೆದ ಅಂಗಳ, ಬೆತ್ತದ ಕುರ್ಚಿಗಳು, ತುದಿಯಲ್ಲಿ ಚಕ್ರ ಹಿಡಿದು ಕೂತ ಚಾಲಕ. ಅಲ್ಲಿಯವರು ಅವನನ್ನು ಸ್ರಾಂಕ್ ಅನ್ನುತ್ತಾರೆ. ನಡುವೆ ಮಲಗುವ ಕೋಣೆಗಳು, ಹಿಂದೆ ಅಡುಗೆಮನೆ. ನಮ್ಮ ಮಲೆನಾಡಿನ ಮನೆಯ ಜಗಲಿಯನ್ನೇ ಕಿತ್ತು ನೀರಿಗೆ ಬಿಟ್ಟ ಹಾಗೆ. ನಾವು ಅತ್ತೆ, ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ, ಶಾಲೆ ಬಿಟ್ಟು ಮನೆಗೆ ಹೊರಟ ಹುಡುಗಿಯೊಬ್ಬಳು ಕೊಡೆ ಹಿಡಿದು ದಡದ ಮೇಲೆ ನಮ್ಮ ಜೊತೆಜೊತೆಗೇ ನಡೆಯುತ್ತಿದ್ದಳು. ಬಹಳ ಹೊತ್ತು ದೋಣಿ ಅವಳನ್ನು ಹಿಂದೆ ಹಾಕಲಿಲ್ಲ. ಅವಳ ಬ್ಯಾಗಿನಲ್ಲಿದ್ದ ನೀರಿನ ಬಾಟಲಿ ಯಾವ ಬಣ್ಣದ್ದು ಎಂಬುದು ನಮ್ಮ ಮನೆಯ ಮಕ್ಕಳಿಗೆ ಇನ್ನೂ ನೆನಪಿದೆ.

ಈ ದೋಣಿಗಳ ಹಳೆಯ ಹೆಸರು ಕೆಟ್ಟುವಳ್ಳಂ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ್ದು. ಕಬ್ಬಿಣದ ಮೊಳೆಯ ಸೋಂಕಿಲ್ಲ. ಆಲಪ್ಪುಳದ ಸುತ್ತಣ ಕುಟ್ಟನಾಡಿನ ಭತ್ತ, ತೆಂಗು, ಮಲೆಯಿಂದಿಳಿದ ಸಂಬಾರ ಪದಾರ್ಥ ಎಲ್ಲವೂ ಇವುಗಳಲ್ಲೇ ಕೊಚ್ಚಿಯ ಬಂದರಿಗೆ ಹೋಗುತ್ತಿದ್ದವು. ಬಿದಿರಿನ ಗಳ ಊರಿ ದೋಣಿ ನೂಕುವವರು ದಿನಗಟ್ಟಲೆ ಅದರಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗುತ್ತಿದ್ದರು. ರಸ್ತೆ, ಸೇತುವೆ, ಲಾರಿ ಬಂದಮೇಲೆ ದೋಣಿಗೆ ಸರಕಿಲ್ಲದಾಯಿತು. 1990ರ ದಶಕದಲ್ಲಿ ಅಕ್ಕಿಮೂಟೆಯ ಜಾಗದಲ್ಲಿ ಮಂಚ ಹಾಕಿ ಪ್ರವಾಸಿಗರನ್ನು ಹತ್ತಿಸಿದ ಮೇಲೆಯೇ ಅವುಗಳಿಗೆ ಮರುಜೀವ. ನಾನು ಅಡುಗೆಮನೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ದೋಣಿಯ ಒಳಮೈ ನೋಡಿದೆ. ಎರಡು ಹಲಗೆ ಕೂಡುವಲ್ಲಿ ಒತ್ತೊತ್ತಾಗಿ ಹೊಲಿಗೆ, ಹೊಲಿಗೆಯ ಅಡಿಗೆ ಒತ್ತಿ ತುಂಬಿದ ನಾರು, ಗೇರುಸಿಪ್ಪೆಯ ಎಣ್ಣೆ ಕುಡಿದು ಕಪ್ಪಾದ ಹಗ್ಗ. ಬೆರಳಿಟ್ಟರೆ ಒಂದು ಹನಿ ನೀರಿಲ್ಲ. ಇಷ್ಟು ಜನರ ಭಾರವನ್ನು ಆ ಹಗ್ಗ ಹೊತ್ತಿದೆ ಎಂದು ತಿಳಿದಾಗ ಅದನ್ನು ಹೊಲಿದ ಕೈಗಳ ಬಗ್ಗೆ ಗೌರವ ಮೂಡಿತು.

ಕೆರೆ ದಾಟಿ ಕಾಲುವೆಗೆ ಹೊಕ್ಕ ಮೇಲೆ ಕುಟ್ಟನಾಡು ತನ್ನ ನಿಜವಾದ ಸೋಜಿಗ ತೋರಿಸುತ್ತದೆ. ದೋಣಿಯಲ್ಲಿ ಕೂತವರು ಗದ್ದೆಯನ್ನು ತಲೆ ತಗ್ಗಿಸಿ ನೋಡಬೇಕು. ನೀರು ಮೇಲೆ, ಭತ್ತ ಕೆಳಗೆ! "ಅಜ್ಜೀ, ನೀರು ಯಾಕೆ ಗದ್ದೆಗೆ ಬೀಳಲ್ಲ?" ಎಂದು ಮಗ ಕೇಳಿದ. ಬೀಳದ ಹಾಗೆ ತಲೆಮಾರುಗಳಿಂದ ಜನ ತಡೆದಿದ್ದಾರೆ, ಅಷ್ಟೇ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳು ಬೆಟ್ಟದ ಮಣ್ಣನ್ನು ಹೊತ್ತು ತಂದು ವೇಂಬನಾಡು ಕೆರೆಯ ತಳದಲ್ಲಿ ಹಾಸಿದವು. ರೈತರು ಕೆರೆಯ ಕೆಸರೆತ್ತಿ ಏರಿ ಕಟ್ಟಿ, ಒಳಗಿನ ನೀರನ್ನು ಕಾಲಲ್ಲಿ ತುಳಿಯುವ ಚಕ್ರಗಳಿಂದ ಹೊರಗೆ ಹಾಕಿ ಅಲ್ಲಿ ಭತ್ತ ಬೆಳೆದರು. ಈಗ ಆ ಕೆಲಸಕ್ಕೆ ವಿದ್ಯುತ್ ಪಂಪು ಬಂದಿದೆ. ಗದ್ದೆಗಳು ಕೆಲವೆಡೆ ಸಮುದ್ರಮಟ್ಟಕ್ಕಿಂತ 2 ಮೀಟರಿನಷ್ಟು ಕೆಳಗಿವೆ. ಈ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಚಕ್ರ ತುಳಿದ ಕೂಲಿಗಳ ಬದುಕನ್ನು ಬರೆದ ತಕಳಿ ಶಿವಶಂಕರ ಪಿಳ್ಳೆ ಹುಟ್ಟಿದ ಊರೂ ಇದೇ ಸೀಮೆಯಲ್ಲಿದೆ.

ಏರಿಯ ಮೇಲೆ ಒಂದೇ ಸಾಲು ಮನೆ. ಮುಂದೆ ಕಾಲುವೆ, ಹಿಂದೆ ಗದ್ದೆ. ಮನೆಮನೆಗೂ ನೀರಿಗಿಳಿಯುವ ನಾಲ್ಕು ಮೆಟ್ಟಿಲು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮೀನು ಹೆರೆಯುವುದು ಎಲ್ಲ ಅಲ್ಲೇ. ಆಫೀಸಿಗೆ ಹೊರಟವರು ಕಟ್ಟೆಯಲ್ಲಿ ನಿಂತು ಕಾದರೆ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿ ಬಂದು ಹತ್ತಿಸಿಕೊಳ್ಳುತ್ತದೆ. ಕೊಯ್ಲಾದ ಗದ್ದೆಯಲ್ಲಿ ಒಬ್ಬನೇ ಮನುಷ್ಯ ಪುಟ್ಟ ದೋಣಿಯಲ್ಲಿ ನಿಂತು ಸಾವಿರಾರು ಬಾತುಕೋಳಿಗಳನ್ನು ಮೇಯಿಸುತ್ತಾನೆ. ಇಷ್ಟು ನೀರಿನ ನಡುವೆ ಕುಡಿಯುವ ನೀರಿಗೆ ಮಾತ್ರ ತತ್ವಾರ. ಅದನ್ನು ಬೇರೆ ಕಡೆಯಿಂದ ದೋಣಿಯಲ್ಲಿ ತರಬೇಕು. ದಡದಲ್ಲಿ ಕೊಡ ಸಾಲಿಟ್ಟು ಕಾದು ನಿಂತ ಹೆಂಗಸರನ್ನು ಕಂಡು ಅತ್ತೆ ತಮ್ಮ ಬಾಲ್ಯದ ಊರಿನ ಬಾವಿಕಟ್ಟೆಯ ಕಥೆ ಶುರು ಮಾಡಿದರು. ಮನೆಯಲ್ಲಿ ಎಂದೂ ಹೇಳದ ಸಂಗತಿಗಳು ಅಂದು ಹೊರಬಂದವು. ಮೊಮ್ಮಗ ಮೊಬೈಲು ಬಿಟ್ಟು ಅವರ ಕಾಲ ಬಳಿ ಕೂತಿದ್ದ.

ಊಟದ ಬಗ್ಗೆ ಹೇಳದಿದ್ದರೆ ನಾಲಿಗೆಗೆ ದ್ರೋಹ. ಮೀನು ತಿನ್ನುವವರಿಗೆ ಮಸಾಲೆ ಹಚ್ಚಿ ಬಾಳೆಯೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿದ ಕರಿಮೀನು. ಎಲೆ ಬಿಡಿಸಿದಾಗ ಏಳುವ ಹಬೆಯಲ್ಲಿ ಕರಿಬೇವು, ಚಿಕ್ಕ ಈರುಳ್ಳಿ, ತೆಂಗಿನೆಣ್ಣೆಯ ಘಮ. ಸಸ್ಯಾಹಾರಿಗಳಿಗೆ ಅವಿಯಲ್, ಬೀನ್ಸಿನ ತೋರನ್, ಪುಳಿಶ್ಶೇರಿ, ಹಪ್ಪಳ. ದಪ್ಪ ಕೆಂಪು ಕುಸುಬಲಕ್ಕಿಯ ಅನ್ನ ಮೊದಲ ತುತ್ತಿಗೆ ಒರಟು, ನಾಲ್ಕನೆಯ ತುತ್ತಿಗೆ ಬೇರೆ ಅನ್ನವೇ ಬೇಡ ಅನ್ನಿಸುತ್ತದೆ. ಅಡುಗೆಯವನು ಬಾಗಿಲಲ್ಲಿ ನಿಂತು, "ಅಮ್ಮಾ, ಸ್ವಲ್ಪ ಮೋರು?" ಎಂದು ಅತ್ತೆಗೆ ಮಜ್ಜಿಗೆ ಬಡಿಸಿ, ಅವರು ಸಾಕೆಂದ ಮೇಲೂ ಇನ್ನೊಂದು ಸೌಟು ಹಾಕಿದ.

ಸಂಜೆ ಐದೂವರೆಯ ಹೊತ್ತಿಗೆ ಹೌಸ್‌ಬೋಟ್‌ಗಳು ದಡ ಸೇರಬೇಕು. ರಾತ್ರಿಯ ನೀರು ಬಲೆ ಹಾಕುವ ಬೆಸ್ತರದು. ತೆಂಗಿನ ಮರಕ್ಕೆ ಹಗ್ಗ ಬಿಗಿದು ಎಂಜಿನ್ ಆರಿಸಿದ ಮೇಲೆ ಕಪ್ಪೆಗಳ ದನಿ, ದೂರದ ಭಜನೆ, ದೋಣಿಯ ಮಗ್ಗುಲಿಗೆ ತಾಗುವ ನೀರಿನ ಸದ್ದು. ನಮ್ಮ ಜೊತೆ ಬಂದಿದ್ದ ಅಣ್ಣನ ಮಗನೂ ಅವನ ಹೆಂಡತಿಯೂ ಮುಂದಿನ ಅಂಗಳದಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಇಬ್ಬರೂ ಬೇರೆ ಬೇರೆ ಪಾಳಿಯಲ್ಲಿ ದುಡಿಯುವವರು. ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಇಂಥವರಿಗೆಂದೇ ಒಂದೇ ಕೋಣೆಯ ಪುಟ್ಟ ದೋಣಿಗಳೂ ಸಿಗುತ್ತವೆ. ಬೆಳಗ್ಗೆ ಬೇಗ ಎದ್ದರೆ, ದೊಡ್ಡ ದೋಣಿ ನುಗ್ಗಲಾರದ ಕಿರುಕಾಲುವೆಗಳಿಗೆ ಹುಟ್ಟು ಹಾಕುವ ದೋಣಿಯಲ್ಲಿ ಹೋಗಿಬರಬಹುದು. ಮಲಗುವ ಮುಂಚೆ ಅತ್ತೆ, "ಇವತ್ತು ನನ್ನನ್ನ ಎಲ್ಲೂ ಬಿಟ್ಟುಹೋಗಲಿಲ್ಲ ನೋಡಮ್ಮ" ಅಂದರು. ಎಲ್ಲರಿಗೂ ಒಂದೇ ನೋಟ, ಎಲ್ಲರಿಗೂ ಒಂದೇ ವೇಗ. ದೋಣಿಯ ಪ್ರವಾಸದ ದೊಡ್ಡ ಸುಖ ಇದೇ ಎಂದು ನಾನು ನಂಬಿದ್ದೇನೆ.

ಈ ಸುಖ ಉಳಿಯಬೇಕಾದರೆ ನೀರೂ ಉಳಿಯಬೇಕು. ವೇಂಬನಾಡು 2002ರಿಂದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಯಲ್ಲಿದೆ. ಅದರ ಮೇಲೆ ಇಂದು ಡೀಸೆಲ್ಲಿನ ಜಿಡ್ಡು, ಪ್ಲಾಸ್ಟಿಕ್ಕು, ಅಂತರಗಂಗೆಯ ಹಾಸು. ದೋಣಿ ಗೊತ್ತುಮಾಡುವಾಗ ಎಷ್ಟು ಎ.ಸಿ. ಕೋಣೆ ಎಂದು ಕೇಳುವ ಜೊತೆಗೇ ಶೌಚದ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡುತ್ತೀರಿ ಎಂದೂ ಕೇಳಿ. ನಿಮ್ಮ ಮಂದಿಗೆ ಎಷ್ಟು ಬೇಕೋ ಅಷ್ಟೇ ದೊಡ್ಡ ದೋಣಿ ಹಿಡಿಯಿರಿ. ಪರವಾನಗಿ ಇದೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಹತ್ತುವ ಮೊದಲೇ ನೋಡಿ. 2023ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ವಿಹಾರದೋಣಿ ಮಗುಚಿ 22 ಜನ ಜೀವ ಕಳೆದುಕೊಂಡದ್ದನ್ನು ಮರೆಯಬೇಡಿ. ದೋಣಿಯಲ್ಲಿ ಧ್ವನಿವರ್ಧಕ ಹಾಕಿಸಬೇಡಿ. ದಡದಲ್ಲಿರುವುದು ಜನರ ಮನೆ, ಅಲ್ಲಿ ಮಕ್ಕಳು ಓದುತ್ತಿರುತ್ತಾರೆ.

ಮುಂದಿನ ರಜೆಗೆ ಹೊರಡುವಾಗ ಮನೆಯ ಹಿರಿಯರಿಗೆ "ನಿಮಗೆ ಆಗಲ್ಲ, ಮನೆಯಲ್ಲೇ ಇರಿ" ಅನ್ನಬೇಡಿ. ಈ ಒಂದು ಪ್ರವಾಸ ಅವರಿಂದಲೂ ಆಗುತ್ತದೆ, ಕರೆದುಕೊಂಡು ಹೋಗಿ.