ಬಿಸಿಲ ನಾಡಿನಲ್ಲಿ ತಂಪು ಕೋಣೆಯ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ ಎಂದರೆ ಲಿಂಬೆ. ರೈಲಿನಲ್ಲಿ ಹೋಗುವವರಿಗೆ ಒಂದು ಮಾತು: ‘ಇಂಡಿ ರೋಡ್’ ನಿಲ್ದಾಣದಲ್ಲಿ ಇಳಿದರೆ ಸಿಗುವುದು ರೋಡ್ ಮಾತ್ರ, ಊರು ಇನ್ನೂ ದೂರ. ‘ಬಸವನ ಬಾಗೇವಾಡಿ ರೋಡ್’ ನಿಲ್ದಾಣದ ಕಥೆಯೂ ಅದೇ. ಹಾಗಾಗಿ ಕಳೆದ ದೀಪಾವಳಿ ಮುಗಿದ ಮೇಲೆ ಈ ಭಾಗವನ್ನೆಲ್ಲ ಬಸ್ಸಿನಲ್ಲೇ ಸುತ್ತಿದೆ.

ಸುತ್ತಿದ್ದು ಅಣಬೆ ಕೋಣೆಗಳನ್ನು ನೋಡಲು. ಇಂಡಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿಯ ಮಗನ ಬೋರ್‌ವೆಲ್ ಬತ್ತಿ, ಲಿಂಬೆ ಗಿಡಗಳು ಅರ್ಧಕ್ಕರ್ಧ ಒಣಗಿದ್ದವು. ಅಣಬೆ ಬೆಳೆಯುವ ಕೋಣೆ ಕಟ್ಟಿಕೊಡುತ್ತೇವೆ, 4 ಲಕ್ಷ ಆಗುತ್ತದೆ ಎಂದು ಯಾರೋ ಹೇಳಿ ಹೋಗಿದ್ದರು. ಥರ್ಮೊಕೋಲ್ ತುಂಬಿದ ಗೋಡೆ, ಎ.ಸಿ., ಮಂಜಿನ ಹಾಗೆ ನೀರು ಎರಚುವ ಯಂತ್ರ, ಕಬ್ಬಿಣದ ಚೌಕಟ್ಟು, ಎಲ್ಲ ಸೇರಿ. ಸ್ವಲ್ಪ ಸಾಲ, ಸ್ವಲ್ಪ ಹೆಂಡತಿಯ ಬಂಗಾರ ಅಂತ ಅವನು ಮನಸ್ಸು ಮಾಡಿಬಿಟ್ಟಿದ್ದ. ‘ಮಾಮಾ, ನೀವು ಬ್ಯಾಂಕಿನ್ಯಾಗ ಇದ್ದವ್ರು, ಒಮ್ಮೆ ಲೆಕ್ಕಾ ಹಾಕಿ ಹೇಳ್ರಿ’ ಎಂದ.

ಚಿಪ್ಪಣಬೆಗೆ ಹೊಲ ಬೇಡ, ಬಿಸಿಲೂ ಬೇಡ. ಒಣ ಹೊಟ್ಟನ್ನು ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಬೀಜದ ಜೊತೆ ತುಂಬಬೇಕು. 15ರಿಂದ 20 ದಿನ ಕತ್ತಲಲ್ಲಿಟ್ಟರೆ ಚೀಲದೊಳಗೆಲ್ಲ ಬಿಳಿ ಎಳೆ ಹಬ್ಬುತ್ತದೆ. ಆಮೇಲೆ ಸ್ವಲ್ಪ ಬೆಳಕು, ಗಾಳಿ, ದಿನವೂ ನೀರಿನ ಸಿಂಪರಣೆ. ಒಂದು ಚೀಲದಿಂದ ಮೂರು ಸಲ ಕೀಳಬಹುದು. ಆದರೆ ಅದಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ ತಂಪು, ಗಾಳಿಯಲ್ಲಿ ಶೇಕಡಾ 80ರಷ್ಟು ತೇವ. ನಮ್ಮ ಕಡೆ ಏಪ್ರಿಲ್ ಬಂತೆಂದರೆ 40 ಡಿಗ್ರಿ!

ಸಿಂದಗಿ ಹತ್ತಿರ ನೋಡಿದ್ದು ಮುಚ್ಚಿದ ಕೋಣೆ. ಬಿಳಿ ಗೋಡೆ ಹೊಸದರ ಹಾಗೇ ಇತ್ತು, ಒಳಗೆ ಉಳ್ಳಾಗಡ್ಡಿ ಚೀಲ ಒಟ್ಟಿದ್ದರು. ಬೇಸಿಗೆಯಲ್ಲಿ ಎರಡು ದಿನ ಕರೆಂಟ್ ಹೋಗಿ, ಚೀಲಗಳಿಗೆ ಹಸಿರು ಬೂಷ್ಟು ಹತ್ತಿತಂತೆ. ಬಾಗಿಲಲ್ಲಿ ನಿಂತಿದ್ದ ಯಜಮಾನರು ಹೆಚ್ಚು ಮಾತಾಡಲಿಲ್ಲ, ಚಹಾ ಕೊಟ್ಟರು.

ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ ದಾಟಿ ಬಾಗೇವಾಡಿಗೆ ಹೋಗುವಾಗ ಬಸ್ಸಿನಲ್ಲೇ ಟಿಕೆಟ್ ಹಿಂದೆ ಲೆಕ್ಕ ಬರೆದೆ. ಒಂದೂವರೆ ಟನ್ನಿನ ಎ.ಸಿ. ತಾಸಿಗೆ ಸುಮಾರು ಒಂದೂವರೆ ಯೂನಿಟ್ ನುಂಗುತ್ತದೆ. ಬಿರುಬೇಸಿಗೆಯಲ್ಲಿ ದಿನಕ್ಕೆ 20 ತಾಸು ಓಡಿದರೆ 30 ಯೂನಿಟ್, ತಿಂಗಳಿಗೆ 900. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 6,300. ಎರಡು ತಿಂಗಳಿಗೆ 12,600. 4 ಲಕ್ಷಕ್ಕೆ ಶೇಕಡಾ 11ರಂತೆ ಎರಡು ತಿಂಗಳ ಬಡ್ಡಿ 7,300ಕ್ಕೂ ಮೇಲೆ. ಎರಡೂ ಸೇರಿ ಹತ್ತಿರ ಹತ್ತಿರ 20 ಸಾವಿರ. ಇನ್ನು ಬರುವುದೆಷ್ಟು? ಕಿಲೋ ಹೊಟ್ಟಿನ ಚೀಲಕ್ಕೆ ಅರ್ಧ ಕಿಲೋ ಅಣಬೆ ಎಂದರೆ 200 ಚೀಲಕ್ಕೆ 100 ಕಿಲೋ; 150 ರೂಪಾಯಿಯಂತೆ 15 ಸಾವಿರ. ಹೊಟ್ಟು, ಬೀಜ, ಕೂಲಿ, ಯಂತ್ರದ ಸವಕಳಿ ಇನ್ನೂ ಹಿಡಿದೇ ಇಲ್ಲ. ಬ್ಯಾಂಕಿಗೆ ಬರುವ ಅಂದಾಜು ಪತ್ರಿಕೆಗಳಲ್ಲಿ ಬೇಸಿಗೆ ಎಂಬ ಖರ್ಚಿನ ಕಲಮನ್ನು ನಾನೆಂದೂ ಕಂಡಿಲ್ಲ.

ಬಾಗೇವಾಡಿ ಭಾಗದಲ್ಲೇ ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರ ಇದೆ. ಮಗ್ಗುಲಲ್ಲೇ ಕರೆಂಟ್ ಹುಟ್ಟಿದರೂ ಬಿಲ್ಲು ಮಾತ್ರ ಎಲ್ಲರಂತೆಯೇ. ಅಲ್ಲೊಂದು ಕಡೆ ನಾಲ್ಕು ಹೆಣ್ಣುಮಕ್ಕಳು ಸೇರಿ ತಗಡಿನ ಶೆಡ್ಡಿನಲ್ಲಿ ಬೆಳೆಯುತ್ತಿದ್ದರು. ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿ, ಸುತ್ತ ಒದ್ದೆ ಗೋಣಿತಟ್ಟು ಇಳಿಬಿಟ್ಟಿದ್ದರು. ಒಬ್ಬಾಕೆಗೆ ಬಿಡದ ಕೆಮ್ಮು. ಅಣಬೆ ಬಿಡುವ ಸಣ್ಣ ಪುಡಿ ಕೆಲವರ ಎದೆಗೆ ಆಗುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗಬೇಕು, ಮಕ್ಕಳನ್ನು ಅಲ್ಲಿ ಮಲಗಿಸಬಾರದು.

ನನ್ನ ಕಣ್ಣಿಗೆ ಹಿಡಿದದ್ದು ಮುದ್ದೇಬಿಹಾಳ ಕಡೆಯ ಹಳ್ಳಿಯ ಒಂದು ಹಳೇ ಮಣ್ಣಿನ ಮಾಳಿಗೆ ಮನೆ. ಗೋಡೆಯ ದಪ್ಪ ಎರಡು ಮೊಳ. ಹೊರಗೆ ಬೆವರು ಸುರಿಯುತ್ತಿದ್ದರೆ, ಒಳಗೆ ಕಾಲಿಟ್ಟ ಕೂಡಲೇ ಗಡಿಗೆಯ ನೀರು ಮುಟ್ಟಿದ ಹಾಗೆ. ಹಿಂದೆ ಹಗೇವಿನಲ್ಲಿ ಜೋಳ ಕಾಪಾಡಿದ ಜನಕ್ಕೆ ಮಣ್ಣಿನ ಗುಣ ಗೊತ್ತಿತ್ತು. ಬೆಳಕಿಂಡಿಗೆ ನೊಣ ಬರದಂತೆ ಜಾಳಿಗೆ, ಜಂತಿಯಿಂದ ಹಗ್ಗ, ಹಗ್ಗಕ್ಕೆ ಚೀಲ. ಮನೆಯ ಅಜ್ಜಿ ಗೋಡೆಗೆ ತೂಗುಹಾಕಿದ ಉಷ್ಣಮಾಪಕ ತೋರಿಸಿ, ‘ಇದು ಇಪ್ಪತ್ತೆಂಟು ದಾಟಿದ್ರ ಗೋಣಿಚೀಲ ತೋಯಿಸ್ತೀನ್ರಿ’ ಎಂದರು. ನಮ್ಮದು ಒಣ ಹವೆಯಾದ್ದರಿಂದ ಒದ್ದೆ ಗೋಣಿ ಚೆನ್ನಾಗಿ ತಂಪು ಕೊಡುತ್ತದೆ. ಆದರೆ ಮಾರ್ಚ್ ಮುಗಿದ ಮೇಲೆ ಅವರೂ ಚೀಲ ಕಟ್ಟುವುದಿಲ್ಲ.

ಇಂಡಿಗೆ ಮರಳಿ ಟಿಕೆಟ್ಟಿನ ಲೆಕ್ಕವನ್ನು ಅಳಿಯನ ಮುಂದಿಟ್ಟೆ. ಬಹಳ ಹೊತ್ತು ನೋಡಿದ. ಅವನ ಹಿತ್ತಲಲ್ಲೂ ಹಳೇ ಮನೆಯ ಒಂದು ಕೋಣೆ ಉಳಿದಿತ್ತು, ದನದ ಹಗ್ಗ, ಮುರಿದ ಕುಂಟೆ ತುಂಬಿ. ಅದನ್ನೇ ಸುಣ್ಣ ಹಚ್ಚಿ ತಯಾರು ಮಾಡಿದ. ಡ್ರಮ್ಮು, ಪಂಪು, ಹಗ್ಗ, ಜಾಳಿಗೆ, ಉಷ್ಣಮಾಪಕ ಎಲ್ಲ ಕೂಡಿ 8 ಸಾವಿರದೊಳಗೆ ಆಯಿತು. 5 ಕಿಲೋ ಬೀಜ ತಂದು 50 ಚೀಲ ಕಟ್ಟಿದ. ಜೋಳದ ಕಣಿಕೆ ಹಾಕಲು ಹೋದಾಗ ಹೆಂಡತಿ ತಡೆದಳು: ‘ಎತ್ತಿನ ಬಾಯಾಗಿಂದು ಕಸಗೊಂಡು ಅಣಬಿಗಿ ಹಾಕಬ್ಯಾಡ್ರಿ.’ ಕೊನೆಗೆ ಗೋಧಿ ಹೊಟ್ಟು ಕೊಂಡು ತಂದರು. ಮುಗಿದ ಚೀಲದ ಹೊಟ್ಟು ಉಳಿದ ಲಿಂಬೆ ಗಿಡಗಳಿಗೆ ಗೊಬ್ಬರ.

ಮೊದಲ ಕೊಯ್ಲಿನ ಅರ್ಧ ಓಣಿಯವರಿಗೆ ರುಚಿ ತೋರಿಸಲಿಕ್ಕೇ ಹೋಯಿತು. ಅಣಬೆ ಎಂದರೆ ಮೂಗು ಮುರಿಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಈಗ ಎರಡು ಖಾನಾವಳಿಯವರು ವಾರಕ್ಕೆ ನಾಲ್ಕು ಕಿಲೋ ಒಯ್ಯುತ್ತಾರೆ.

ಬೇಸಿಗೆಯಲ್ಲಿ ಕೋಣೆ ಖಾಲಿ ಇರುತ್ತದಲ್ಲ, ಆಗ ಏನು ಮಾಡ್ತಿ ಎಂದು ಕೇಳಿದೆ. ‘ಕೂಲಿಗಿ ಹೋಗ್ತೀನ್ರಿ ಮಾಮಾ. ಮಳಿ ಬಂದ ಮ್ಯಾಲ ಮತ್ತ ಚೀಲಾ ಕಟ್ಟೂದು’ ಎಂದ.