ಕೋಡುಗಳ ನಡುವಣ ಊರು

ಸ್ವಿಟ್ಜರ್ಲೆಂಡಿನ ಬೆರ್ನ್ ಪ್ರಾಂತದ ಗ್ರಿಂಡೆಲ್‌ವಾಲ್ಡ್ ಎಂಬ ಊರು ಸಮುದ್ರಮಟ್ಟದಿಂದ 1,034 ಮೀಟರ್ ಎತ್ತರದಲ್ಲಿದೆ. ಬರಿಯ ಲೆಕ್ಕದಲ್ಲಿ ಇದೇನೂ ಹೆಚ್ಚಲ್ಲ. ನಮ್ಮ ಮಡಿಕೇರಿ ಇದಕ್ಕಿಂತ ತುಸು ಮೇಲೆಯೇ ಇದೆ. ಆದರೆ ರೈಲುನಿಲ್ದಾಣದಿಂದ ಹೊರಗೆ ಬಂದು ತಲೆಯೆತ್ತಿದವನಿಗೆ ಈ ಲೆಕ್ಕವೆಲ್ಲ ಮರೆತುಹೋಗುತ್ತದೆ. ಎದುರಿಗೆ ಐಗರ್ ಶಿಖರ, 3,967 ಮೀಟರ್. ಊರಿನ ಅಂಗಳದಿಂದ ಸುಮಾರು ಮೂರು ಸಾವಿರ ಮೀಟರಿನಷ್ಟು ಬಂಡೆ ನೆಟ್ಟಗೆ ಎದ್ದು ನಿಂತಿದೆ. ಅದರ ಎಡಗಡೆ ಹಿಮದ ಗೋಡೆ. ಮತ್ತೂ ಎಡಕ್ಕೆ ವೆಟರ್‌ಹಾರ್ನ್. ಮನೆಗಳ ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡಗಳು, ಹುಲ್ಲುಗಾವಲಿನಲ್ಲಿ ಹಸುಗಳ ಕೊರಳಗಂಟೆ. ಇಷ್ಟು ಭಯಂಕರವಾದುದರ ಕಾಲ ಬುಡದಲ್ಲಿ ಇಷ್ಟು ನೆಮ್ಮದಿಯಾಗಿ ಜನ ಬಟ್ಟೆ ಒಣಹಾಕುತ್ತಾರಲ್ಲ ಎಂಬುದೇ ನನಗೆ ಮೊದಲ ಆಶ್ಚರ್ಯವಾಯಿತು.

ಕಳೆದ ಆಗಸ್ಟಿನಲ್ಲಿ ಕಾಲೇಜಿಗೆ ಹದಿನೈದು ದಿನ ರಜೆ ಬರೆದುಕೊಟ್ಟು ನಾನು ಅಲ್ಲಿಗೆ ಹೋದುದು ತಂದೆಯವರ ಸಲುವಾಗಿ. ನನ್ನ ತಂಗಿ ಹಾಗೂ ಅವಳ ಗಂಡ ಬೆರ್ನ್ ನಗರದಲ್ಲಿದ್ದಾರೆ. ತಂದೆಯವರು ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಭೂಗೋಳ ಕಲಿಸಿದವರು. ಆಲ್ಪ್ಸ್ ಪರ್ವತಗಳನ್ನೂ ಹಿಮನದಿಗಳನ್ನೂ ಪ್ರತಿವರ್ಷ ಕರಿಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಿಂದ ಬರೆದು ತೋರಿಸಿದ್ದರೇ ಹೊರತು ಹಿಮವನ್ನು ಕಣ್ಣಿನಿಂದ ಕಂಡವರಲ್ಲ. ಈಗ ವಯಸ್ಸು ಎಪ್ಪತ್ತೆರಡು. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾಗಿದೆ. ಹೊರಡುವ ಮುನ್ನ ವೈದ್ಯರು, ಎರಡೂವರೆ ಸಾವಿರ ಮೀಟರಿಗಿಂತ ಮೇಲೆ ಇವರನ್ನು ಕರೆದೊಯ್ಯಬೇಡಿ, ಏರಿನಲ್ಲಿ ಅವಸರ ಬೇಡ ಎಂದು ನನಗೆ ಪ್ರತ್ಯೇಕವಾಗಿ ಕರೆದು ಹೇಳಿದ್ದರು.

ತಂಗಿಗೆ ಇದರಿಂದ ನಿರಾಶೆಯಾಯಿತು. ಈ ಸೀಮೆಗೆ ಬಂದ ಭಾರತೀಯರೆಲ್ಲ ಯುಂಗ್‌ಫ್ರೌ ರೈಲಿನಲ್ಲಿ 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ಹೋಗಿ, ಹಿಮದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಬರುವುದು ವಾಡಿಕೆ. ಆ ರೈಲು ಅದ್ಭುತವೇ ಸರಿ. ಜ್ಯೂರಿಕ್ ಸೀಮೆಯ ಉದ್ಯಮಿ ಆಡಾಲ್ಫ್ ಗೂಯರ್-ಜೆಲ್ಲರ್ ಯೋಜಿಸಿದ ಮೇಲೆ 1896ರಲ್ಲಿ ಕೆಲಸ ಆರಂಭವಾಯಿತು. ಆತ 1899ರಲ್ಲಿ ತೀರಿಕೊಂಡ. ಐಗರ್ ಮತ್ತು ಮ್ಯೋನ್ಖ್ ಶಿಖರಗಳ ಹೊಟ್ಟೆಯನ್ನು ಕೊರೆದು ಹಳಿ ಮೇಲೆ ಮುಟ್ಟಿದ್ದು 1912ರಲ್ಲಿ. ಆದರೆ ತಂದೆಯವರು ಅದನ್ನು ಕೇಳಿ ಮುಗುಳ್ನಕ್ಕು, “ಮೇಲೆ ಹೋಗಿ ನಿಲ್ಲುವ ಆಸೆ ನನಗಿಲ್ಲ ಮಗಾ. ಹಿಮನದಿಯ ಮೂತಿ ಎಲ್ಲಿದೆ, ಅದನ್ನು ತೋರಿಸಿ ಸಾಕು” ಎಂದರು.

ಅದು ಎಲ್ಲಿದೆಯೆಂದು ತೋರಿಸುವುದು ಸುಲಭವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನ ಚಿತ್ರಗಳಲ್ಲಿ ಹಿಮನದಿ ಊರಿನ ಹೊಲಗಳ ಅಂಚಿಗೇ ಬಂದು ಮಲಗಿದೆ. ಹೆಂಗಸರು ಕೊಡೆ ಹಿಡಿದು ಅದರ ಬಳಿ ನಿಂತಿದ್ದಾರೆ. ನಾವು ಊರೆಲ್ಲ ಸುತ್ತಿದರೂ ನಮಗೆ ಕಂಡುದು ಬರಿದಾದ ಬಂಡೆಯ ಕಮರಿ, ಅದರೊಳಗಿಂದ ಹೊರಡುವ ಬೂದುಬಣ್ಣದ ನೀರು.

ಮೊದಲ ದಿನ ಫಸ್ಟ್ ಎಂಬಲ್ಲಿಗೆ ಹೋದೆವು. ರೋಪ್‌ವೇಯ ಪೆಟ್ಟಿಗೆಯಲ್ಲಿ ಕುಳಿತರೆ ಸುಮಾರು 2,170 ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ. ಅಲ್ಲಿಂದ ಬಾಖಾಲ್ಪ್ ಸರೋವರಕ್ಕೆ ಒಂದು ಗಂಟೆಯ ಹಾದಿ, ಹೆಚ್ಚು ಏರಿಲ್ಲ. ನೀರು ಅಲುಗದ ಹೊತ್ತಿನಲ್ಲಿ ಶ್ರೆಕ್‌ಹಾರ್ನ್ ಶಿಖರ ತಲೆಕೆಳಗಾಗಿ ಅದರಲ್ಲಿ ಇಳಿದುಬಂದಿರುತ್ತದೆ. ಹಾರ್ನ್ ಎಂದರೆ ಅವರ ಭಾಷೆಯಲ್ಲಿ ಕೊಂಬು. ಶ್ರೆಕ್‌ಹಾರ್ನ್ ಎಂದರೆ ಭಯದ ಕೊಂಬು, ವೆಟರ್‌ಹಾರ್ನ್ ಹವೆಯ ಕೊಂಬು. ಕನ್ನಡದ ಮೇಷ್ಟರಿಗೆ ಇಂತಹ ಕಡೆ ಬಾಯಿ ಸುಮ್ಮನಿರುವುದಿಲ್ಲ. ನಮ್ಮಲ್ಲಿಯೂ ಕೋಡು ಎಂದರೆ ಕೊಂಬೂ ಹೌದು, ಬೆಟ್ಟದ ತುದಿಯೂ ಹೌದು. ಸಂಸ್ಕೃತದ ಶೃಂಗವೂ ಹಾಗೆಯೇ. ಪರಸ್ಪರ ಮುಖ ಕಾಣದ ಜನ ಪರ್ವತವನ್ನು ನೋಡಿ ದನದ ತಲೆಯನ್ನೇ ನೆನೆದರಲ್ಲ ಎಂದು ನಾನು ಉತ್ಸಾಹದಿಂದ ವಿವರಿಸುತ್ತಿದ್ದರೆ ತಂದೆಯವರು, “ಆಲ್ಪ್ ಎಂದರೇನು ಕೇಳಿದೆಯಾ?” ಎಂದರು. ನಾನು ಕೇಳಿರಲಿಲ್ಲ, ಅವರು ಹಿಂದಿನ ಸಂಜೆಯೇ ಅಳಿಯನಿಂದ ತಿಳಿದುಕೊಂಡಿದ್ದರು. ಇಲ್ಲಿಯವರ ಬಾಯಲ್ಲಿ ಆಲ್ಪ್ ಎಂದರೆ ಶಿಖರವಲ್ಲ, ಬೇಸಗೆಯಲ್ಲಿ ದನ ಮೇಯುವ ಎತ್ತರದ ಹುಲ್ಲುಗಾವಲು. ಗ್ರಿಂಡೆಲ್‌ವಾಲ್ಡಿನ ಈ ಗಾವಲುಗಳನ್ನು ಏಳು ರೈತಸಂಘಗಳು ಶತಮಾನಗಳಿಂದ ಹಂಚಿಕೊಂಡು ಆಳುತ್ತಿವೆ; ಯಾರ ಹಸು ಎಷ್ಟು, ಎಲ್ಲಿ ಎಂಬುದಕ್ಕೆಲ್ಲ ಕಟ್ಟುಕಟ್ಟಳೆಯುಂಟು. “ನಮ್ಮ ಸೊಪ್ಪಿನಬೆಟ್ಟದ ಹಾಗೆ” ಎಂದರು. ಕೋಡಿನ ವಿಚಾರಕ್ಕಿಂತ ಇದೇ ಅವರಿಗೆ ರುಚಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಸರೋವರದ ಬಳಿ ಅವರನ್ನು ಒಂದು ಬೆಂಚಿನ ಮೇಲೆ ಕೂರಿಸಿ, ತಂಗಿ ಕಟ್ಟಿಕೊಟ್ಟಿದ್ದ ಚಪಾತಿಯ ಡಬ್ಬಿ ಒಪ್ಪಿಸಿ, ನಾನೊಬ್ಬನೇ ಫೌಲ್‌ಹಾರ್ನ್ ಏರಿದೆ: 2,681 ಮೀಟರ್. ಕೊಳೆತಂತೆ ಉದುರುವ ಕಲ್ಲಿನ ಶಿಖರವೆಂದು ಹೆಸರಿನ ಅರ್ಥ. ಕಾಲಿಟ್ಟಲ್ಲೆಲ್ಲ ಹಾಗೆಯೇ ಉದುರುತ್ತದೆ. 1830ರ ದಶಕದಿಂದಲೂ ಇದರ ನೆತ್ತಿಯಲ್ಲೊಂದು ಹೋಟೆಲಿದೆ. ಉತ್ತರಕ್ಕೆ ಪಾತಾಳದಲ್ಲಿ ಬ್ರಿಯೆನ್ಜ್ ಸರೋವರದ ಹಸಿರು. ದಕ್ಷಿಣಕ್ಕೆ ಬೆರ್ನ್ ಸೀಮೆಯ ಶಿಖರಗಳೆಲ್ಲ ಸಾಲಾಗಿ ನಿಂತಿವೆ. ಅವುಗಳ ಹಿರಿಯಣ್ಣ ಫಿನ್‌ಸ್ಟರಾರ್‌ಹಾರ್ನ್, 4,274 ಮೀಟರ್. ಮರಳಿ ಬಂದಾಗ ತಂದೆಯವರು ಒಂದು ಜಪಾನಿ ಕುಟುಂಬಕ್ಕೆ ಚಪಾತಿ ಹಂಚುತ್ತಿದ್ದರು.

ಜಪಾನಿಯರಿಗೆ ಈ ಊರಿನ ಮೇಲೆ ವಿಶೇಷ ಮಮತೆಯಿದೆ. 1921ರಲ್ಲಿ ಯೂಕೊ ಮಾಕಿ ಎಂಬ ಜಪಾನಿ ತರುಣ ಇಲ್ಲಿನ ಮೂವರು ಮಾರ್ಗದರ್ಶಿಗಳೊಡನೆ ಐಗರಿನ ಮಿಟ್ಟೆಲೆಗಿ ಏಣನ್ನು ಮೊದಲು ಹತ್ತಿದ. ಆ ಏಣಿನ ಮೇಲೆ ತಂಗುಮನೆ ಕಟ್ಟಲು ಹಣವನ್ನೂ ಕೊಟ್ಟ. 1956ರಲ್ಲಿ ಮನಾಸ್ಲು ಶಿಖರವನ್ನು ಗೆದ್ದ ಜಪಾನಿ ತಂಡದ ನಾಯಕನೂ ಅವನೇ. ನಮಗೂ ಒಂದು ನಂಟಿದೆ. ಊರಿನ ಪೂರ್ವಕ್ಕೆ ಗ್ರೋಸ್ ಶೈಡೆಗ್ ಎಂಬ ಕಣಿವೆಮಾರ್ಗ; ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಎತ್ತರ, ಆದರೂ ಬಸ್ಸು ಹೋಗುತ್ತದೆ. ಅದರ ಆಚೆಗೆ ಇಳಿದರೆ ರೋಸೆನ್‌ಲೌಯಿ. ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ತೇನ್‌ಸಿಂಗ್ ನೋರ್ಗೆ ಅವರು ಅಲ್ಲಿನ ಆರ್ನಲ್ಡ್ ಗ್ಲಾಟ್‌ಹಾರ್ಡರ ಪರ್ವತಾರೋಹಣ ಶಾಲೆಯಲ್ಲಿ ಶಿಕ್ಷಣ ಪಡೆದರು. ಆ ವರ್ಷವೇ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಲೋಕದ ನೆತ್ತಿಯನ್ನು ಮೆಟ್ಟಿ ಬಂದವರು ಮರುವರ್ಷ ಶಿಷ್ಯರಾಗಿ ಕುಳಿತರೆಂಬುದು, ಮೇಷ್ಟರ ಮಗನಾದ ನನಗೆ, ಏರಿದ್ದಕ್ಕಿಂತ ದೊಡ್ಡದಾಗಿ ತೋರಿತು.

ಎರಡನೆಯ ದಿನ ಮೆನ್‌ಲಿಖೆನ್‌ನಿಂದ ಕ್ಲೈನ್ ಶೈಡೆಗ್‌ವರೆಗೆ ನಡೆದೆವು. ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವಷ್ಟು ಹಸನಾದ ದಾರಿ. ಆದರೆ ಕಣ್ಣೆದುರಿಗೆ ಐಗರಿನ ಉತ್ತರದ ಗೋಡೆ: ಸುಮಾರು 1,800 ಮೀಟರ್ ಕಪ್ಪುಬಂಡೆ. 1936ರ ಜುಲೈಯಲ್ಲಿ ನಾಲ್ವರು ತರುಣರು ಅದನ್ನು ಹತ್ತಹೋಗಿ, ಬಿರುಗಾಳಿಗೆ ಸಿಕ್ಕು ಹಿಂತಿರುಗುವಾಗ ಮೂವರು ಸತ್ತರು. ಉಳಿದವನು ಟೋನಿ ಕುರ್ಟ್ಸ್. ರೈಲಿನ ಸುರಂಗದಿಂದ ಗೋಡೆಗೆ ತೆರೆಯುವ ಕಂಡಿಯಿಂದ ಹೊರಬಂದ ಮಾರ್ಗದರ್ಶಿಗಳು ಅವನಿಗೆ ಹಗ್ಗ ಒದಗಿಸಿದರು. ಒಂದು ಹಗ್ಗ ಸಾಲದೆ ಎರಡನ್ನು ಗಂಟುಹಾಕಿದ್ದರು. ಇಳಿಯುತ್ತಿದ್ದವನ ಸೊಂಟದ ಬಳೆಯಲ್ಲಿ ಆ ಗಂಟು ತೂರಲಿಲ್ಲ. ಕೈ ಮರಗಟ್ಟಿದವನು, ಕೆಳಗೆ ನಿಂತವರಿಗೆ ಇನ್ನೇನು ಸಿಗುವಷ್ಟು ಹತ್ತಿರದಲ್ಲಿ ತೂಗುತ್ತಲೇ ಪ್ರಾಣಬಿಟ್ಟನು. ಎರಡು ವರ್ಷದ ಮೇಲೆ, 1938ರಲ್ಲಿ, ಜರ್ಮನಿ ಆಸ್ಟ್ರಿಯಗಳ ನಾಲ್ವರು ಆ ಗೋಡೆಯನ್ನು ಹತ್ತಿದರು. ಕ್ಲೈನ್ ಶೈಡೆಗ್‌ನಲ್ಲಿ ಇಂದಿಗೂ ಜನ ಕಾಫಿ ಕುಡಿಯುತ್ತ ದುರ್ಬೀನಿನಿಂದ ಆ ಗೋಡೆಯನ್ನು ನೋಡುತ್ತಾರೆ. ತಂದೆಯವರು ನೋಡಲಿಲ್ಲ. ಬೆನ್ನು ತಿರುಗಿಸಿ ಕುಳಿತರು.

ಮೂರನೆಯ ದಿನದ ದಾರಿಯೇ ನನಗೆ ಅಂಜಿಕೆಯದು. ಹಿಮನದಿಯನ್ನು ನೋಡಬೇಕಾದರೆ ಫಿಂಗ್‌ಸ್ಟೆಗ್‌ವರೆಗೆ ರೋಪ್‌ವೇಯಲ್ಲಿ ಹೋಗಿ, ಅಲ್ಲಿಂದ ಬೇರೆಗ್ ಎಂಬಲ್ಲಿಗೆ ನಾನೂರು ಮೀಟರಿನಷ್ಟು ಕಾಲ್ನಡೆಯಲ್ಲಿ ಏರಬೇಕು. ಎತ್ತರ ವೈದ್ಯರ ಮಿತಿಗಿಂತ ಕೆಳಗೇ ಇದೆ. ಆದರೆ ಏರು ಏರೇ, ಮಗ್ಗುಲಲ್ಲಿ ಪ್ರಪಾತ. ಗಟ್ಟಿಗರಿಗೆ ಒಂದೂವರೆ ಗಂಟೆ ಸಾಕು. ನಮಗೆ ಮೂರಾಯಿತು. ಇಪ್ಪತ್ತು ಹೆಜ್ಜೆ ನಡೆದು ನಿಲ್ಲುವುದು, ಊರುಗೋಲಿನ ಮೇಲೆ ಗದ್ದವಿಟ್ಟು ಉಸಿರು ಸಮ ಮಾಡಿಕೊಳ್ಳುವುದು. ಅರ್ಧ ದಾರಿಯಲ್ಲಿ ಅವರ ಮುಖ ಬಿಳಿಚಿದುದನ್ನು ಕಂಡು, “ಸಾಕು ಅಪ್ಪಯ್ಯ, ತಿರುಗೋಣ” ಎಂದೆ.

“ಎದೆನೋವು ಬಂದರೆ ನಾನೇ ಹೇಳುತ್ತೇನೆ. ಇದು ಬರಿಯ ಮುಪ್ಪು” ಎಂದರು.

ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. ಓಡುತ್ತಿತ್ತು, ಆದರೆ ತಾಳತಪ್ಪಿರಲಿಲ್ಲ. ಕಾಲು ಗಂಟೆ ಕುಳಿತೆವು. ಮತ್ತೆ ಎಣಿಸಿದಾಗ ಇಳಿದಿತ್ತು. ನಡೆದೆವು.

ಬೇರೆಗ್‌ನಲ್ಲಿ ಒಂದು ಮರದ ತಂಗುಮನೆಯಿದೆ. ಹಳೆಯದು ಇನ್ನೂ ಕೆಳಗಿತ್ತು; ಹಿಮ ಕರಗಿ ಆಧಾರ ತಪ್ಪಿದ ನೆಲ ಕುಸಿಯತೊಡಗಿದ್ದರಿಂದ 2005ರಲ್ಲಿ ಅದನ್ನು ಬಿಟ್ಟು, 2006ರಲ್ಲಿ ಇದನ್ನು ಮೇಲೆ ಕಟ್ಟಿದರು. ಆ ವರ್ಷವೇ ಎದುರಿನ ಐಗರಿನ ಮಗ್ಗುಲಿನಿಂದ ಲಕ್ಷಾಂತರ ಘನಮೀಟರಿನಷ್ಟು ಬಂಡೆ ಕಳಚಿ ಬಿತ್ತು. ನೂರಾರು ಅಡಿ ದಪ್ಪದ ಮಂಜುಗಡ್ಡೆ ಎಷ್ಟೋ ಶತಮಾನ ಆ ಗೋಡೆಗೆ ಊರೆ ಕೊಟ್ಟು ನಿಂತಿತ್ತು. ಊರೆ ಹೋದ ಮೇಲೆ ಗೋಡೆ ನಿಂತೀತೆ?

ಕಟಾಂಜನ ಹಿಡಿದು ತಂದೆಯವರು ಕೆಳಗೆ ನೋಡಿದರು. ಕೆಳಗಿದ್ದುದು ಬೂದಿಬಣ್ಣದ ಕಲ್ಲುಮಣ್ಣಿನ ಬೋಗುಣಿ. ಹಿಮ ದೂರದಲ್ಲಿ, ಶಿಖರಗಳ ಸಂದಿನಲ್ಲಿ, ಕೊಳೆಯಾದ ಕಂಬಳಿಯಂತೆ ಕಾಣುತ್ತಿತ್ತು. ನಾನು ಅವರ ಮುಖವನ್ನು ನೋಡಲು ಹಿಂಜರಿದೆ. ಇಷ್ಟು ದೂರ, ಇಷ್ಟು ಶ್ರಮಪಟ್ಟು ಬಂದದ್ದು ಇದಕ್ಕೋ ಎನಿಸಿತು. ಅವರೋ ಊರುಗೋಲನ್ನೆತ್ತಿ ಎದುರಿನ ಬಂಡೆಯನ್ನು ತೋರಿಸಿದರು. ಗೋಡೆಯ ಉದ್ದಕ್ಕೂ ಒಂದು ಗೆರೆ. ಮೇಲೆ ಹುಲ್ಲು ಹಬ್ಬಿದ ಕಪ್ಪು ಬಂಡೆ, ಕೆಳಗೆ ಹೊಸದಾಗಿ ಉಜ್ಜಿದಂತೆ ಬಿಳಿಚಿದ ಬಂಡೆ.

“ಅಲ್ಲಿಯವರೆಗೆ ಇತ್ತು” ಎಂದರು. “ನೋಡು, ಎಲ್ಲಿಯೂ ಕಡಿಯದೆ ಹೇಗೆ ಹೋಗಿದೆ ಗೆರೆ. ಹಿಮನದಿ ಬಂಡೆಯನ್ನು ಉಜ್ಜುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಉಜ್ಜಿದ ಗುರುತು ಕಾಣಬೇಕಾದರೆ ಹಿಮ ಹೋಗಬೇಕಾಗಿತ್ತು.” ಸ್ವಲ್ಪ ಹೊತ್ತಿನ ಮೇಲೆ, “ಆದರೂ ಇಷ್ಟು ಹೋಗಬಾರದಾಗಿತ್ತು” ಎಂದರು.

ತಂಗುಮನೆಯ ಹೆಂಗಸು ಹೊರಗೆ ಬಂದಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ, ತಂದೆಯವರದು ಹೈಸ್ಕೂಲಿನದು. ಇಬ್ಬರೂ ಕೈಯಲ್ಲಿಯೇ ಬಹಳ ಹೊತ್ತು ಮಾತಾಡಿದರು. ಅವಳು ಬೆರಳಿನಿಂದ ಕಣಿವೆಯಲ್ಲಿ ಒಂದೊಂದು ಜಾಗ ತೋರಿಸುವಳು, ಇವರು ತಲೆಯಾಡಿಸಿ ಜೇಬಿನ ಪುಸ್ತಕದಲ್ಲಿ ಗೆರೆ ಎಳೆಯುವರು. ಸಂಜೆಯ ಕೊನೆಯ ರೋಪ್‌ವೇ ತಪ್ಪೀತೆಂದು ನಾನು ಎರಡು ಸಲ ಎಚ್ಚರಿಸಿದೆ. ಅವಳು ತಂದಿಟ್ಟ ಕಾಫಿಯನ್ನು ತಂದೆಯವರು ನಿಧಾನವಾಗಿ ಕುಡಿದು, ಬಿಸಿ ಸಾಲದೆಂದು ನನಗೆ ಕನ್ನಡದಲ್ಲಿ ಹೇಳಿ, ಬಹಳ ಚೆನ್ನಾಗಿದೆಯೆಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿ, ಊರುಗೋಲು ಹುಡುಕಿಕೊಂಡು ಎದ್ದರು.